ದೋಣಿಯ ಇಂಜಿನಿನಲ್ಲಿ ಪಿಸ್ಟನ್ ಕೆಟ್ಟುದನ್ನು ಗುರುತಿಸುವ ಕ್ರಮ

ಕರಾವಳಿಯ ಗ್ರಾಮಗಳಲ್ಲಿ ನಾಡದೋಣಿಯ ಹಿಂಭಾಗಕ್ಕೆ ತಗುಲಿಸುವ ಸಣ್ಣ ಇಂಜಿನು ಈಗ ಬೇಸಾಯಗಾರನ ನೇಗಿಲಿನಷ್ಟೇ ಅವಶ್ಯಕವಾದ ಸಾಧನವಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕಾಲದಲ್ಲಿ, 10 ಅಶ್ವಶಕ್ತಿಯವರೆಗಿನ ಇಂಜಿನುಳ್ಳ ನಾಡದೋಣಿಗಳು ಕಡಲಿಗಿಳಿಯಲು ಅವಕಾಶವುಂಟು. ದುಡಿಮೆಯ ಈ ಕಾಲವೇ ಅಪಾಯದ ಕಾಲವೂ ಹೌದು. ಅಳಿವೆಯ ಬಾಯಿಯನ್ನು ದಾಟುವಾಗ ಇಂಜಿನು ನಿಂತುಹೋದರೆ, ದೋಣಿಯು ತೆರೆಗೆ ಅಡ್ಡಲಾಗಿ ತಿರುಗಿ ಮಗುಚುವ ಸಂಭವವಿರುವುದು. ಹೀಗೆ ನಿಲ್ಲಲು ಪಿಸ್ಟನಿನ ಕೇಡು ಒಂದು ಮುಖ್ಯ ಕಾರಣ. ಅದರ ಸೂಚನೆಗಳು ಬಹುಮಟ್ಟಿಗೆ ಮೊದಲೇ ತೋರುವುವು. ಅವುಗಳನ್ನು ದಡದಲ್ಲಿಯೇ ಗುರುತಿಸಿದಲ್ಲಿ ಹಣವೂ ಪ್ರಾಣವೂ ಉಳಿಯುವುವು.

ಪಿಸ್ಟನಿನ ಕೆಲಸ

ಸಿಲಿಂಡರಿನೊಳಗೆ ಇಂಧನವು ಉರಿದಾಗ ಉಂಟಾಗುವ ಒತ್ತಡವನ್ನು ತಾಳಿ, ಮೇಲಕ್ಕೂ ಕೆಳಕ್ಕೂ ಚಲಿಸುವ ಭಾಗವೇ ಪಿಸ್ಟನ್. ಇದನ್ನು ಅಲ್ಯೂಮಿನಿಯಮ್ ಮಿಶ್ರಲೋಹದಿಂದ ಮಾಡುವರು. ಶುದ್ಧ ಅಲ್ಯೂಮಿನಿಯಮ್ ಸುಮಾರು 660 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುವುದು. ಉರಿಯುವ ಅನಿಲದ ಶಾಖವಾದರೋ 2000 ಡಿಗ್ರಿಯನ್ನು ಮೀರುವುದು. ತಂಪುಮಾಡುವ ನೀರು, ಕೀಲೆಣ್ಣೆ, ಇಂಧನ ಹಾಗೂ ಗಾಳಿಯ ಸರಿಯಾದ ಪ್ರಮಾಣ—ಈ ಮೂರೇ ಪಿಸ್ಟನನ್ನು ಕಾಪಾಡತಕ್ಕವು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಪಿಸ್ಟನಿಗೆ ಕೇಡು ತಪ್ಪದು.

ಹೊರಗಿನ ಲಕ್ಷಣಗಳು

ಹಗ್ಗವನ್ನೆಳೆದಾಗ ಎಂದಿನ ಬಿಗಿಯಿಲ್ಲದೆ ಸಡಿಲವಾಗಿ ಬರುವುದು; ಇಂಜಿನು ಹೊರೆಯನ್ನು ಎಳೆಯಲಾರದೆ ಕುಗ್ಗುವುದು; ಕಾದಾಗ ನಿಂತು, ಆರಿದ ಮೇಲೆ ಮರಳಿ ನಡೆಯುವುದು; ಒಳಗಿನಿಂದ ಕಟಕಟ ಸದ್ದು ಬರುವುದು—ಇವು ಸಂಶಯಕ್ಕೆ ಎಡೆಗೊಡುವ ಲಕ್ಷಣಗಳು. ಹಗ್ಗವು ಅಲುಗದೆಯೇ ಇದ್ದಲ್ಲಿ ಬಲಾತ್ಕಾರದಿಂದ ಎಳೆಯಬಾರದು. ಸಿಲಿಂಡರಿನಲ್ಲಿ ನೀರು ತುಂಬಿದ್ದರೂ ಹೀಗಾಗುವುದುಂಟು. ಆದುದರಿಂದ ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡತಕ್ಕದ್ದು.

ಪರೀಕ್ಷೆಯ ಕ್ರಮ

ಮೊದಲನೆಯದಾಗಿ, ಬಿಚ್ಚಿದ ಪ್ಲಗ್ಗಿನ ತುದಿಯನ್ನು ಬೆಳಕಿನಲ್ಲಿ ನೋಡಬೇಕು. ಅಲ್ಲಿ ಬೆಳ್ಳಗೆ ಹೊಳೆಯುವ ಸಣ್ಣ ಲೋಹದ ಕಣಗಳು ಅಂಟಿದ್ದರೆ, ಪಿಸ್ಟನ್ ಕರಗತೊಡಗಿದೆಯೆಂದೇ ತಿಳಿಯಬೇಕು.

ಎರಡನೆಯದಾಗಿ, ಒತ್ತಡಮಾಪಕದಿಂದ ಪರೀಕ್ಷಿಸಬೇಕು. ಇಂಧನದ ಕೊಳವೆಯನ್ನು ತೆಗೆದು, ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ, ಅವುಗಳ ತಂತಿಗಳನ್ನು ಕಿಡಿ ಹಾರದಂತೆ ಇಂಜಿನಿನ ಮೈಗೆ ತಗುಲಿಸಿ, ವೇಗದ ಹಿಡಿಯನ್ನು ಪೂರ್ಣ ತೆರೆದು, ಮಾಪಕದ ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗವನ್ನು 4 ಅಥವಾ 5 ಬಾರಿ ಎಳೆಯತಕ್ಕದ್ದು. ಎರಡು ಸಿಲಿಂಡರುಗಳ ನಡುವೆ ನೂರಕ್ಕೆ 15ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ, ಕಡಿಮೆ ತೋರಿದ ಸಿಲಿಂಡರಿನಲ್ಲಿ ದೋಷವಿದೆಯೆಂದು ಊಹಿಸಬಹುದು. ಅದರೊಳಗೆ ಒಂದು ಚಮಚೆ ಕೀಲೆಣ್ಣೆ ಹಾಕಿ ಮತ್ತೆ ಅಳೆದಾಗ ಒತ್ತಡವು ಏರಿದರೆ, ದೋಷವು ಉಂಗುರಗಳಲ್ಲಿ ಅಥವಾ ಸಿಲಿಂಡರಿನ ಗೋಡೆಯಲ್ಲಿರುವ ಸಂಭವ ಹೆಚ್ಚು. ಏರದಿದ್ದರೆ, ಪಿಸ್ಟನಿನ ತಲೆ ತೂತಾಗಿರಬಹುದು, ಇಲ್ಲವೆ ಮೇಲ್ಮುಚ್ಚಳದ ಗ್ಯಾಸ್ಕೆಟ್ ಹೋಗಿರಬಹುದು. ಅನಂತರ ಮುಚ್ಚಳವನ್ನು ಬಿಚ್ಚಿ ಕಣ್ಣಾರೆ ನೋಡಿಯೇ ನಿರ್ಧರಿಸಬೇಕು.

ಗಾಯದ ಗುರುತೇ ಕಾರಣವನ್ನು ಹೇಳುವುದು

ಪಿಸ್ಟನಿನ ಸುತ್ತಲೂ ಒಣಗಿದಂತೆ ಕಾಣುವ ಉದ್ದುದ್ದನೆಯ ಗೀರುಗಳು ಕೀಲೆಣ್ಣೆಯ ಕೊರತೆಯನ್ನು ಸೂಚಿಸುವುವು. ನಾಲ್ಕು ಕಡೆಗಳಲ್ಲಿ ಲೋಹವು ಒರೆಸಿಹೋಗಿದ್ದರೆ, ತಂಪುಮಾಡುವ ನೀರು ಸಾಲದೆ, ಅಥವಾ ಇಂಜಿನು ಹದಕ್ಕೆ ಬರುವ ಮೊದಲೇ ಪೂರ್ಣ ವೇಗದಲ್ಲಿ ಓಡಿಸಿದುದರಿಂದ, ಪಿಸ್ಟನ್ ಹಿಗ್ಗಿದೆಯೆಂದರ್ಥ. ಹೊಗೆ ಹೊರಡುವ ಪಕ್ಕದಲ್ಲಿ ಮಾತ್ರ ಗೀರುಗಳಿದ್ದಲ್ಲಿ, ಕಾರ್ಬ್ಯುರೇಟರಿನಲ್ಲಿ ಕಸ ಸೇರಿ ಇಂಧನ ಸಾಲದಾಗಿದೆಯೇ ಎಂದು ನೋಡಬೇಕು. ತಲೆಯ ಅಂಚು ಗೆದ್ದಲು ತಿಂದಂತೆ ಗುಂಡಿಗುಂಡಿಯಾಗಿದ್ದರೆ ಕಳಪೆ ಇಂಧನವನ್ನು ಶಂಕಿಸಬೇಕು. ಪೆಟ್ರೋಲಿಗಾಗಿ ಮಾಡಿದ ಇಂಜಿನಿಗೆ ಸೀಮೆಎಣ್ಣೆ ಬೆರೆತ ಪೆಟ್ರೋಲ್ ಹಾಕಿದರೆ ಇಂತಹ ಕೇಡು ಬರುವುದು. ಸೀಮೆಎಣ್ಣೆಯ ಇಂಜಿನುಗಳಲ್ಲಿ ಒತ್ತಡವನ್ನು ಬೇಕೆಂದೇ ಕಡಿಮೆ ಇಟ್ಟಿರುವರು. ತಲೆಯ ನಡುವೆ ಕರಗಿ ತೂತಾಗಿದ್ದರೆ, ತಕ್ಕುದಲ್ಲದ ಪ್ಲಗ್ಗೋ ಅಕಾಲದ ಉರಿಯೋ ಕಾರಣ. ಉಂಗುರಗಳು ಮಸಿಯಿಂದ ಕಚ್ಚಿಕೊಂಡಿರುವುದಷ್ಟೇ ಆದರೆ, ಶುದ್ಧಿಮಾಡಿ ಮರಳಿ ಉಪಯೋಗಿಸಲು ಸಾಧ್ಯವಾಗಬಹುದು.

ಕಾರಣವನ್ನು ತಿಳಿಯದೆ ಹೊಸ ಪಿಸ್ಟನ್ ಹಾಕಿಸುವುದು ವ್ಯರ್ಥ ವೆಚ್ಚ. ನೀರಿನ ಪಂಪು ಕೆಟ್ಟೇ ಇದ್ದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುವುದು. ಸಿಲಿಂಡರಿನ ಗೋಡೆಯನ್ನು ಅಳೆಯಿಸಿ, ಗೀರು ಆಳವಾಗಿದ್ದಲ್ಲಿ ಕೊರೆಯಿಸಿ, 0.25 ಅಥವಾ 0.50 ಮಿಲಿಮೀಟರಿನಷ್ಟು ದೊಡ್ಡದಾದ ಪಿಸ್ಟನನ್ನು ಹಾಕಿಸಬೇಕು. ಒಡೆದ ಚೂರುಗಳು ಕೆಳಗಿನ ಬೇರಿಂಗುಗಳಲ್ಲಿ ಉಳಿಯದಂತೆ ಶುದ್ಧಿಮಾಡುವುದು ಅವಶ್ಯ.

ಮುನ್ನೆಚ್ಚರಿಕೆಗಳು

ಎಣ್ಣೆಯನ್ನು ಇಂಜಿನಿನ ಕೈಪಿಡಿಯಂತೆಯೇ ಅಳೆದು ಬೆರೆಸಬೇಕು. ಐವತ್ತಕ್ಕೆ ಒಂದು ಎಂದಿದ್ದರೆ, 5 ಲೀಟರ್ ಇಂಧನಕ್ಕೆ 100 ಮಿಲಿಲೀಟರ್ ಎಣ್ಣೆ, ಕಣ್ಣಂದಾಜು ಸಲ್ಲದು. ಇಂಜಿನು ನಡೆಯುವಾಗ ಪಕ್ಕದ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತಿದೆಯೇ ಎಂದು ನೋಡುತ್ತಿರಬೇಕು. ಅದು ನಿಂತೊಡನೆ ಇಂಜಿನನ್ನೂ ನಿಲ್ಲಿಸಬೇಕು. ಕಡಲಿನಿಂದ ಬಂದ ಮೇಲೆ ಸಿಹಿನೀರನ್ನು ಹಾಯಿಸಿ ಉಪ್ಪನ್ನು ತೊಳೆಯಬೇಕು. ನೀರಿಲ್ಲದೆ ಇಂಜಿನನ್ನು ಕ್ಷಣಕಾಲ ನಡೆಸಿದರೂ ಪಂಪಿನ ರಬ್ಬರ್ ಚಕ್ರವು ಸುಟ್ಟುಹೋಗಬಹುದು.

ಒತ್ತಡಮಾಪಕವು ಹೆಚ್ಚಿನ ಬೆಲೆಯ ಉಪಕರಣವಲ್ಲ. ಗ್ರಾಮದ ಮುಖಂಡರೂ ಗುರಿಕಾರರೂ ದೋಣಿಗಳ ಮಾಲೀಕರನ್ನು ಒಗ್ಗೂಡಿಸಿ ಊರಿಗೊಂದನ್ನು ತರಿಸಿ, ಪ್ರತಿ ವರ್ಷ ಮೇ ತಿಂಗಳಿನಲ್ಲಿಯೇ ಎಲ್ಲ ಇಂಜಿನುಗಳನ್ನೂ ಅಳೆಯಿಸಿ ಪುಸ್ತಕದಲ್ಲಿ ಬರೆದಿಡುವ ಏರ್ಪಾಡು ಮಾಡಿದಲ್ಲಿ, ಹಿಂದಿನ ವರ್ಷದ ಅಂಕಿಯೊಡನೆ ಹೋಲಿಸಿ ಕೇಡನ್ನು ಮುಂಚಿತವಾಗಿ ಅರಿಯಬಹುದು. ದಡದಲ್ಲಿ ಕಳೆದ ಅರ್ಧ ದಿನವು ಅಳಿವೆಯಲ್ಲಿ ಒಂದು ದೋಣಿಯ ಜನರನ್ನು ಉಳಿಸಬಲ್ಲುದು.