ಹಕ್ಕಿಗೆ ಹೆಸರಿಡುವ ಮುನ್ನ

ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಪದ್ಯದ ಪಾಠಗಳನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳಲ್ಲಿ ಅಭ್ಯಾಸ ಬೋಧನೆಯ ವೇಳೆ ಸಾಕಷ್ಟು ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಉದ್ದೇಶಕಥನದ ಹೊತ್ತಿಗೇ ‘ಇಲ್ಲಿ ಹಕ್ಕಿ ಎಂದರೆ ಕಾಲ’ ಎಂದು ಕಪ್ಪುಹಲಗೆಯ ಮೇಲೆ ಬರೆದಾಗಿರುತ್ತದೆ. ಅರ್ಥವೇನೋ ಸರಿ. ಆದರೆ ಒಗಟನ್ನು ಐದನೆಯ ನಿಮಿಷಕ್ಕೇ ಬಿಡಿಸಿಬಿಟ್ಟರೆ ಉಳಿದ ಅವಧಿಯಲ್ಲಿ ಮಕ್ಕಳಿಗೆ ಮಾಡಲು ಕೆಲಸವಿರುವುದಿಲ್ಲ. ಹಕ್ಕಿಯ ಹೆಸರು ಕಾಲ ಎಂದು ಕವಿ ನೇರವಾಗಿ ಹೇಳುವುದೂ ಇಲ್ಲ. ನೋಡಿದಿರಾ ಎಂದು ಕೇಳುತ್ತಾರೆ, ಅಷ್ಟೆ.

ಪದಗಳಿಂದ ಹೊರಡಬಹುದು. ‘ಗಾವುದ’ ಎಂದರೆ ‘ಬಹಳ ದೂರ’ ಎಂದು ಹೇಳಿ ಮುಂದೆ ಸಾಗುವುದು ರೂಢಿ. ಗಾವುದವೆಂದರೆ ಸುಮಾರು 12 ಮೈಲಿ, ಹೆಚ್ಚುಕಡಿಮೆ ಮದ್ದೂರಿನಿಂದ ಮಂಡ್ಯಕ್ಕಿರುವಷ್ಟು ದೂರ. ರೆಪ್ಪೆ ಬಡಿಯುವುದರೊಳಗೆ ಹಕ್ಕಿ ಅಂಥ ಗಾವುದಗಳನ್ನು ದಾಟುತ್ತದೆ ಎಂದರೆ, ಇದು ಮಾಮೂಲಿ ಹಕ್ಕಿಯಲ್ಲ ಎಂಬ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ. ಪುಚ್ಚಕ್ಕೆ ಕಪ್ಪು, ನರೆಯ ಬಣ್ಣ. ರೆಕ್ಕೆಗೆ ಕೆಂಪು, ಹೊನ್ನಿನ ಬಣ್ಣ. ಹಿಂದೆ ಇರುವುದು ಯಾವುದು, ಮುಂದಕ್ಕೆ ಒಯ್ಯುವುದು ಯಾವುದು ಎಂದು ಕೇಳಿ ಸುಮ್ಮನಿರಬೇಕು. (ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿರುವಾಗ ಪ್ರಶಿಕ್ಷಣಾರ್ಥಿಗೆ ಸುಮ್ಮನಿರುವುದು ಬಲು ಕಷ್ಟ!) ‘ಚಿಕ್ಕೆ’ ಎಂಬುದು ನಮ್ಮ ‘ಚುಕ್ಕಿ’ಯೇ ಎಂದು ಹೇಳಿ ಮುಂದೆ ಹೋದರಾಯಿತು.

ನಿಲ್ಲಬೇಕಾದದ್ದು ‘ಒಕ್ಕು’ ಎಂಬ ಕ್ರಿಯೆಯ ಹತ್ತಿರ. ಹಕ್ಕಿ ರಾಜ್ಯ, ಸಾಮ್ರಾಜ್ಯಗಳನ್ನು ತೆನೆಯಂತೆ ಒಕ್ಕುತ್ತದೆ. ಪಾಠಯೋಜನೆಗಳಲ್ಲಿ ಇದಕ್ಕೆ ‘ಕಾಲ ಎಲ್ಲವನ್ನೂ ನಾಶಮಾಡುತ್ತದೆ’ ಎಂಬ ಭಾವಾರ್ಥ ಕಾಣುತ್ತೇನೆ. ಮಳವಳ್ಳಿ ಕಡೆಯ ಮಗು ಇದನ್ನು ಒಪ್ಪಬೇಕಾಗಿಲ್ಲ. ಕಣದಲ್ಲಿ, ಈಗೀಗ ಟಾರು ರಸ್ತೆಯ ಮೇಲೂ, ರಾಗಿ ಒಕ್ಕುವುದನ್ನು ಅದು ಕಂಡಿದೆ. ಒಕ್ಕುವುದು ಕಾಳಿಗಾಗಿ. ತೆನೆ ಪುಡಿಯಾಗುತ್ತದೆ, ಕಾಳು ಉಳಿಯುತ್ತದೆ, ಹುಲ್ಲು ಮೆದೆಗೆ ಹೋಗುತ್ತದೆ. ಹೀಗೆ ಓದಿದರೆ, ಅದೇ ಹಕ್ಕಿ ಮುಂದೆ ಹೊಸ ಕಾಲದ ಹಸುಗೂಸುಗಳನ್ನು ಹರಸುವುದೂ ಹೊಂದಿಕೊಳ್ಳುತ್ತದೆ. ಬರೀ ನಾಶದ ಹಕ್ಕಿಯಾಗಿದ್ದರೆ ಯಾಕೆ ಹರಸೀತು?

ಈ ಪದ್ಯವಿರುವ ‘ಗರಿ’ ಸಂಕಲನ ಪ್ರಕಟವಾದದ್ದು 1932ರಲ್ಲಿ. ‘ನರಬಲಿ’ ಕವನಕ್ಕಾಗಿ ಬೇಂದ್ರೆಯವರು ಸೆರೆಮನೆ ಕಂಡದ್ದೂ ಆ ಕಾಲದಲ್ಲೇ. ಸಾರ್ವಭೌಮರ ನೆತ್ತಿ ಕುಕ್ಕುವ ಕೊಕ್ಕು ಅಂದಿನ ಓದುಗರಿಗೆ ಬರಿಯ ಅಲಂಕಾರವಾಗಿ ಕಂಡಿರಲಾರದು. ಆರು ವರ್ಷಗಳ ಬಳಿಕ, 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಶಿವಪುರದಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದರು. ಸತ್ಯಾಗ್ರಹ ಸೌಧದ ಮುಂದೆ ಓಡಾಡುವ ಮಕ್ಕಳಿಗೆ ಈ ನಂಟು ತೋರಿಸಲು ಬೇರೆ ಬೋಧನೋಪಕರಣ ಬೇಕಿಲ್ಲ.

ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು, “ಮಿಸ್, ಇದಕ್ಕೆ ಗೂಡಿಲ್ವಾ?” ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ “ಅದು ಪದ್ಯದಲ್ಲಿಲ್ಲ” ಎಂದು ಹೇಳಿ ಪುಟ ತಿರುವಿದರು. ನಿಜ, ಪದ್ಯದಲ್ಲಿಲ್ಲ. ಹಕ್ಕಿ ಎಲ್ಲಿಯೂ ಇಳಿಯುವುದಿಲ್ಲ. ಕೊನೆಗೂ ದಿಕ್ಕುಗಳ ಅಂಚಿನಾಚೆ ಕೊಕ್ಕು ಚಾಚಿಕೊಂಡೇ ಇರುತ್ತದೆ. ಗೂಡು ಯಾಕಿಲ್ಲ ಎಂದು ಇಡೀ ತರಗತಿಯನ್ನು ಕೇಳಿ, ನಾಳೆಯ ಪಾಠವನ್ನು ಅಲ್ಲಿಂದಲೇ ಶುರುಮಾಡಿ ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದೆ.