ಪೆಟ್ಟಿಗೆ ಹೊಸದಾದರೂ ಅಂಕಿತ ಹಳೆಯದಿರಲಿ

೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದುದು ವಾಚಕರಿಗೆ ವಿದಿತವೇ ಆಗಿದೆ. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂದಿತು. ಯಂತ್ರಗಳು ಎಷ್ಟೋ ಬಾರಿ ಬದಲಾದವು. ಹೆಸರು ಮಾತ್ರ ಉಳಿಯಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸದ್ಭಕ್ತರ ಮನೆಗಳಲ್ಲಿ ರೇಡಿಯೋ, ಕ್ಯಾಸೆಟ್ಟುಗಳ ತರುವಾಯ ಇಂದು ತಂತಿಯಿಲ್ಲದ ಸ್ಪೀಕರುಗಳು ಪ್ರಾತಃಕಾಲದ ವಚನಗಾಯನವನ್ನು ಕೇಳಿಸುತ್ತಿವೆ.

ಈಚೆಗೆ ಪಿರಿಯಾಪಟ್ಟಣದ ಭಕ್ತರೊಬ್ಬರ ಮನೆಗೆ ನಾವು ಪ್ರಸಾದಕ್ಕೆ ಹೋಗಿದ್ದೆವು. ಕಣ್ಣು ಮಂಜಾದ ವೃದ್ಧಮಾತೆಯೊಬ್ಬರು, "ಅಯ್ನೋರೇ, ವಚನ ಕೇಳದೆ ಎಂಟು ದಿನ ಆಯ್ತು. ಪೂಜೆಗೆ ಕೂತ್ರೆ ಮನಸ್ಸು ನಿಲ್ಲೋದೇ ಇಲ್ಲ" ಎಂದು ನೊಂದುಕೊಂಡರು. ವಿಚಾರಿಸಲಾಗಿ, ಸಿಡಿಲಿಗೆ ವೈಫೈ ರೂಟರು ಸುಟ್ಟು ಹೊಸದು ಬಂದಿತ್ತು. ಮನೆಯವರು ತಮ್ಮ ಮೊಬೈಲುಗಳಿಗೆ ಹೊಸ ಪಾಸ್‌ವರ್ಡ್ ಒತ್ತಿಕೊಂಡು, ಸ್ಪೀಕರು ಕೆಟ್ಟಿತೆಂದು ಮೂಲೆಗಿಟ್ಟಿದ್ದರು. ಅದು ಕೆಟ್ಟಿರಲಿಲ್ಲ, ತನ್ನ ಹಳೆಯ ವೈಫೈ ಹೆಸರಿಗಾಗಿ ಕಾದಿತ್ತು.

ಸ್ಪೀಕರು ನೆನಪಿಡುವುದು ರೂಟರಿನ ಪೆಟ್ಟಿಗೆಯನ್ನಲ್ಲ. ಅದು ಸಾರುವ ಹೆಸರನ್ನು ಮತ್ತು ಪಾಸ್‌ವರ್ಡನ್ನು. ವಚನಗಳು ಓಲೆಯಿಂದ ಓಲೆಗೆ, ಓಲೆಯಿಂದ ಅಚ್ಚಿಗೆ ಬಂದರೂ 'ಕೂಡಲಸಂಗಮದೇವ' ಎಂಬ ಅಂಕಿತದಿಂದ ಬಸವಣ್ಣನವರನ್ನೂ 'ಗುಹೇಶ್ವರ' ಎಂಬುದರಿಂದ ಅಲ್ಲಮಪ್ರಭುಗಳನ್ನೂ ನಾವು ಗುರುತಿಸುವುದಿಲ್ಲವೇ? ಇದೂ ಹಾಗೆಯೇ. ಆ ಮನೆಯ ಮೊಮ್ಮಗಳು ಹಳೆಯ ಹೆಸರನ್ನೂ ಪಾಸ್‌ವರ್ಡನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದಳು. ಅವನ್ನೇ ಹೊಸ ರೂಟರಿನಲ್ಲಿ ನಮೂದಿಸಿದಳು. ಕೆಲವೇ ನಿಮಿಷಗಳಲ್ಲಿ ಸ್ಪೀಕರು ತಾನಾಗಿ ಕೂಡಿಕೊಂಡಿತು; ಮಾತೆಯವರ ಕಣ್ಣು ತುಂಬಿತು.

ಗೃಹಸ್ಥರು ಲಕ್ಷಿಸಬೇಕಾದ ಸಂಗತಿಗಳು ಕೆಲವುಂಟು. ರೂಟರು ಬದಲಿಸುವ ಮುನ್ನವೇ ಹಳೆಯ ಹೆಸರನ್ನೂ ಪಾಸ್‌ವರ್ಡನ್ನೂ ಬರೆದಿಟ್ಟುಕೊಳ್ಳಬೇಕು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಖಾಲಿ ಜಾಗ ಇವುಗಳಲ್ಲಿ ಒಂದು ತಪ್ಪಿದರೂ ಕೂಡಿಕೆಯಾಗದು. ಅನೇಕ ಸ್ಪೀಕರುಗಳು ೨.೪ ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಅರಿಯುವುದರಿಂದ ಹೊಸ ರೂಟರಿನಲ್ಲಿ ಅದನ್ನು ನಿಲ್ಲಿಸಬಾರದು. ತೊಟ್ಟಿಮನೆಯ ದಪ್ಪ ಗೋಡೆಗಳನ್ನು ೫ ಗಿಗಾಹರ್ಟ್ಸ್ ತರಂಗಕ್ಕಿಂತ ಇದೇ ಚೆನ್ನಾಗಿ ದಾಟುತ್ತದೆ. ೨೦೧೮ರಲ್ಲಿ ಬಂದ ಡಬ್ಲ್ಯೂಪಿಎ-೩ ಭದ್ರತೆಯೊಂದನ್ನೇ ಇರಿಸಿದರೆ ಹಳೆಯ ಸ್ಪೀಕರುಗಳು ಒಳಸೇರಲಾರವು; ಡಬ್ಲ್ಯೂಪಿಎ-೨ ಕೂಡ ಇರಲಿ. ಹಳೆಯ ಪಾಸ್‌ವರ್ಡ್ ಮರೆತಿದ್ದರೆ, ಅಥವಾ ಅದು ಊರಿಗೆಲ್ಲ ತಿಳಿದುಹೋಗಿದ್ದರೆ, ಹೊಸದನ್ನೇ ಇಟ್ಟು ಸ್ಪೀಕರಿನ ಮೊಬೈಲ್ ಆ್ಯಪಿನ ಮೂಲಕ ಮತ್ತೊಮ್ಮೆ ಜೋಡಿಸಬೇಕು.

ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಈ ಎರಡು ಸಾಲುಗಳನ್ನು ಬರೆದು ಹಿರಿಯರ ಕೈಗಿತ್ತು ಹೋಗಲಿ. ತಾವಾಗಿ ಜೋಡಿಸಿಕೊಳ್ಳಲಾರದ ಹಿರಿಯರಿಗೆ ಸ್ಪೀಕರಿನ ಮೌನವೆಂದರೆ ನಿತ್ಯದ ಶರಣಸಂಗವೇ ತಪ್ಪಿದಂತೆ. ಅದು ತಪ್ಪದಂತೆ ನೋಡಿಕೊಳ್ಳುವುದೂ ಒಂದು ದಾಸೋಹವೆಂದೇ ನಾವು ಭಾವಿಸುತ್ತೇವೆ.