ದೂರದ ಹೊಲಕ್ಕೆ ಡೀಸೆಲ್ ಒಯ್ಯುವ ಬಗೆ

ಉಳುಮೆಯ ನಡುವೆ ಡೀಸೆಲ್ ಮುಗಿದರೆ ಮಣ್ಣಿನ ಹದ ನಿಮಗಾಗಿ ಕಾಯುವುದಿಲ್ಲ. ಹಾಗೆಂದು ಕೈಗೆ ಸಿಕ್ಕ ಡಬ್ಬದಲ್ಲಿ ತುಂಬಿ ಒಯ್ದರೆ ಎಂಜಿನ್ ಕೆಡಬಹುದು, ಬೆಂಕಿಯ ಅಪಾಯವೂ ಉಂಟು. ಆದ್ದರಿಂದ ಯಾವ ಬಗೆ ನಿಮಗೆ ಅನುಕೂಲವೆಂಬುದನ್ನು ಮೊದಲೇ ಯೋಚಿಸಿರಿ.

ಎಷ್ಟು ಬೇಕು?

40 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಭಾರದ ಉಳುಮೆಯಲ್ಲಿ ಗಂಟೆಗೆ ಸುಮಾರು 4ರಿಂದ 6 ಲೀಟರ್ ಡೀಸೆಲ್ ಬೇಕಾಗುತ್ತದೆ. ದಿನಕ್ಕೆ 8 ಗಂಟೆ ದುಡಿದರೆ 32ರಿಂದ 48 ಲೀಟರ್. ಟ್ಯಾಂಕಿನಲ್ಲಿ 50 ಲೀಟರ್ ಹಿಡಿಯುವಂತಿದ್ದರೆ ಒಂದು ದಿನಕ್ಕೆ ಹೆಚ್ಚಿನದು ಬೇಕಿಲ್ಲ. ಎರಡನೆಯ ದಿನಕ್ಕೆ 20 ಲೀಟರಿನ ಎರಡು ಕ್ಯಾನುಗಳು ಬಹುಮಟ್ಟಿಗೆ ಸಾಕು.

ಯಾವುದರಲ್ಲಿ ಒಯ್ಯಬೇಕು?

ಟ್ರ್ಯಾಕ್ಟರಿಗೆ ಇನ್ನೊಂದು ಟ್ಯಾಂಕ್ ಬೆಸೆಸುವುದು ಬೇಡ. ಕುಲುಕಾಟಕ್ಕೆ ಬೆಸುಗೆ ಬಿರಿದು ಬಿಸಿ ಹೊಗೆಕೊಳವೆಯ ಮೇಲೆ ಡೀಸೆಲ್ ಸೋರಬಹುದು. 200 ಲೀಟರಿನ ಡ್ರಮ್ಮಿನಲ್ಲಿ ಡೀಸೆಲಿನ ತೂಕವೇ ಸುಮಾರು 170 ಕಿಲೋ. ಬಂಡಿದಾರಿಯಲ್ಲಿ ಅದು ಉರುಳಿದರೆ ತಡೆಯುವುದು ಕಷ್ಟ. ಹಲವು ಟ್ರ್ಯಾಕ್ಟರುಗಳು ಒಂದೇ ಕಡೆ ವಾರಗಟ್ಟಲೆ ದುಡಿಯುವಾಗ ಮಾತ್ರ ಡ್ರಮ್ ಲಾಭಕರ. ಉಳಿದವರಿಗೆ ಗಟ್ಟಿ ಮುಚ್ಚಳವಿರುವ, ಇಂಧನಕ್ಕೆಂದೇ ಮಾಡಿದ 20 ಲೀಟರಿನ ಕ್ಯಾನುಗಳೇ ಉತ್ತಮ. ತುಂಬಿದ ಕ್ಯಾನನ್ನು ಒಬ್ಬರೇ ಎತ್ತಬಹುದು. ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ.

ಸತು ಲೇಪಿಸಿದ ಪಾತ್ರೆಯಾಗಲಿ, ಕೀಟನಾಶಕದ ಹಳೆಯ ಡಬ್ಬವಾಗಲಿ ಸಲ್ಲದು. ಸತು ಡೀಸೆಲಿನೊಡನೆ ಬೆರೆತು ಅಂಟಾದ ಕಸವಾಗಿ ಫಿಲ್ಟರನ್ನು ಕಟ್ಟಿಸುತ್ತದೆ.

ಎಚ್ಚರಿಕೆಗಳು

1. ಕ್ಯಾನನ್ನು ನೆಲದ ಮೇಲಿಟ್ಟು ತುಂಬಿಸಿರಿ. ಟ್ರೇಲರಿನಲ್ಲಿಟ್ಟೇ ತುಂಬಿಸಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಬಿಸಿಲಿಗೆ ಡೀಸೆಲ್ ಹಿಗ್ಗುವುದರಿಂದ ಬಾಯಿಯವರೆಗೆ ತುಂಬಬೇಡಿರಿ.

2. ಕ್ಯಾನುಗಳನ್ನು ಟ್ರೇಲರಿನ ತಳದಲ್ಲಿ ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿಯಿರಿ. ಎಂಜಿನ್, ಬ್ಯಾಟರಿ, ಹೊಗೆಕೊಳವೆಗಳ ಹತ್ತಿರ ಇಡಬೇಡಿರಿ.

3. ಡ್ರಮ್ಮನ್ನು ನೆರಳಿನಲ್ಲಿ, ನಲ್ಲಿಯ ತುದಿ ಸ್ವಲ್ಪ ಮೇಲಾಗುವಂತೆ ಅಡ್ಡ ಮಲಗಿಸಿರಿ. ಡೀಸೆಲಿಗಿಂತ ಭಾರವಾದ ನೀರೂ ಕಸವೂ ಹಿಂದಿನ ತುದಿಯಲ್ಲಿ ತಂಗುತ್ತವೆ. ಒಂದು ದಿನ ಅಲುಗಿಸದೆ ಬಿಟ್ಟು, ನಂತರ ಬಳಸಿರಿ.

4. ಟ್ಯಾಂಕಿಗೆ ಹುಯ್ಯುವ ಮುನ್ನ ಎಂಜಿನ್ ನಿಲ್ಲಿಸಿ ಆರಲು ಬಿಡಿರಿ. ಸಣ್ಣ ಜಾಲರಿಯ ಆಲಿಕೆಯಿಂದ ಸೋಸಿರಿ. ಬೀಡಿ, ಲಾಂದ್ರ ಹತ್ತಿರ ಬೇಡ.

5. ಸಂಜೆಯೇ ಟ್ಯಾಂಕ್ ತುಂಬಿಸಿಡಿರಿ. ಖಾಲಿ ಜಾಗದ ತೇವ ರಾತ್ರಿಯ ತಂಪಿಗೆ ನೀರಾಗಿ ಡೀಸೆಲಿಗೆ ಇಳಿಯುವುದು ಇದರಿಂದ ತಪ್ಪುತ್ತದೆ.

ಕಲಬೆರಕೆಯ ನೀರಿನಿಂದ ಇಂಜೆಕ್ಷನ್ ಪಂಪು ಕೆಟ್ಟರೆ ಅದರ ದುರಸ್ತಿಗೆ ತಗಲುವ ವೆಚ್ಚದ ಮುಂದೆ ಎರಡು ಒಳ್ಳೆಯ ಕ್ಯಾನುಗಳ ಬೆಲೆ ಏನೂ ಅಲ್ಲ. ಮುಂಗಾರಿಗೆ ಮೊದಲೇ ಅವನ್ನು ಕೊಂಡು, ತೊಳೆದು, ಒಣಗಿಸಿ ಸಿದ್ಧವಾಗಿಡಿರಿ.